ಸುಮ್ಮನೆ ಕೇಳಲು ಬಂದವರ ಹಾಜರಿ

ಹಲೋ... ಹಾಂ, ಯಾರು ಮಾತಾಡೋದು?

...

ಓಹೋ, ದೋನ್ ಎವಾರಿಸ್ತೋ! ಮೇಷ್ಟ್ರೇ, ನಾನೇ, ಫಾಬ್ರಿಸಿಯೋ. ಈಗ ಡೀನ್ ಅಂತಾರೆ. ಅಂಗರಚನಾಶಾಸ್ತ್ರದಲ್ಲಿ ಎರಡು ಸಲ ಫೇಲ್ ಮಾಡಿದ್ರಲ್ಲ, ಅದೇ ಫಾಬ್ರಿಸಿಯೋ. ಮರ್ತಿಲ್ಲ ತಾನೇ?

...

ಹೂಂ, ಯಾರ ಪಾಠ ಮೇಲು ಅಂತ ಇಟ್ಟ ಪರೀಕ್ಷೆ ರಿಸಲ್ಟ್ ಬಂತು. ನಿಮ್ಮ ಉಪನ್ಯಾಸದ ವಿಭಾಗಕ್ಕೆ ಹತ್ತಕ್ಕೆ ಏಳು. ಮೇಷ್ಟ್ರಿಲ್ದೆ ಟ್ಯಾಬ್ಲೆಟ್ ಪರದೆ ನೋಡೇ ಕಲಿತ ನನ್ನ ವಿಭಾಗಕ್ಕೆ ಏಳೂವರೆ. ಸೋತ್ರಿ ಮೇಷ್ಟ್ರೇ! ಎರಡು ಕೈಯಲ್ಲೂ ಸೀಮೆಸುಣ್ಣ ಹಿಡ್ಕೊಂಡು ಬೆನ್ನುಮೂಳೆ ಬರೆದಿದ್ದೇ ಬಂತು.

...

ಮುಂದೇನು ಅಂದ್ರೆ? ಜನವರಿಯಿಂದ ನಿಮಗೆ ಕ್ಲಾಸಿಲ್ಲ, ಕೆಲ್ಸಾನೂ ಇಲ್ಲ... ಪಿಂಚಣಿಗೆ ಇನ್ನೊಂದು ವರ್ಷ ಬಾಕಿ ಇದ್ರೆ ನಾನೇನ್ ಮಾಡ್ಲಿ? ಮನೇಲಿ ಕೂತು ಆಲೂಗಡ್ಡೆ ಲೋಕ್ರೋ ಸೂಪ್ ಕುಡೀರಿ. ಹಲ್ಲಿಲ್ಲದೋರಿಗೆ ಅದೇ ಸರಿ.

...

ಕರೆಂಟ್ ಹೋದಾಗಾ? ಹೋಗಿತ್ತಪ್ಪಾ, ವಾರಗಟ್ಟಲೆ ಇಡೀ ಅಂಬಾತೋ ಊರಲ್ಲೇ ಕ್ಲಾಸ್ ಹೊತ್ತಿಗೆ ಇರ್ಲಿಲ್ಲ. ಇಂಟರ್ನೆಟ್ಟೂ ಇಲ್ಲ. ಹುಡುಗ್ರು ಮನೆಗೆ ಹೋಗಿರ್ತಾರೆ, ಅಲ್ವಾ?

...

ಏನು? ನಿಮ್ಮ ಕ್ಲಾಸಿಗೆ ಬಂದ್ರಾ? ನನ್ನ ವಿಭಾಗದೋರು ಅಷ್ಟೂ ಜನ?... ಒಂಬತ್ತು ವಾರ? ಗೋಡೆಗೊರಗಿ ನಿಂತ್ಕೊಂಡು?

...

ಹೋಗ್ಲಿ ಬಿಡಿ, ಆ ಏಳೂವರೆ ನಿಮ್ಮ ಪಾಠದಿಂದ್ಲೇ ಬಂತು ಅಂದ್ರೆ ಯಾರು ನಂಬ್ತಾರೆ? ನಿಮ್ಮ ಪಟ್ಟೀಲಿ ಅವರ ಹೆಸರೇ ಇಲ್ವಲ್ಲ.

...

ಹಾಜರಿ ಪುಸ್ತಕದಲ್ಲಿ ಇದೆಯಾ? ತಾರೀಕು, ಸಹಿ ಸಮೇತ?... ಹೌದಲ್ವಾ. ಸುಮ್ನೆ ಕೇಳೋಕೆ ಬಂದೋರ ಹೆಸರೂ ಕೂಗಿ ಬರ್ಕೊಳ್ಳೋ ಚಟ ನಿಮ್ಗೆ. ಒಂದ್ಸಲ ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಹೆಸರೂ ಬರ್ಕೊಂಡಿದ್ರಿ.

...

ಮೇಷ್ಟ್ರೇ, ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ? ಎಂಥಾ ಅನ್ಯಾಯ ಆಗ್ತಿತ್ತು ನೋಡಿ! ಆ ಪುಸ್ತಕ ಬೇರೆ ಯಾರಾದ್ರೂ ನೋಡಿದಾರಾ?... ಯೂನಿವರ್ಸಿಟಿ ಮುಖ್ಯಸ್ಥರು, ರೆಕ್ಟರ್?... ಅವರೂ ನೋಡಿಲ್ವಾ? ಒಳ್ಳೇದಾಯ್ತು. ಜೆರಾಕ್ಸ್ ಗಿರಾಕ್ಸ್ ಏನೂ ಮಾಡಿಸ್ಬೇಡಿ, ಈಗ್ಲೇ ತಗೊಂಡ್ಬನ್ನಿ. ನಾನೇ ರೆಕ್ಟರ್ ಕೈಗೆ ಕೊಡ್ತೀನಿ. ನಿಮ್ಮ ಕ್ಲಾಸು ನಿಮಗೇ... ಅಯ್ಯೋ, ಅಳ್ತಾರಾ ಇದಕ್ಕೆಲ್ಲ?

...

ಹಲೋ?... ಹಲೋ, ಕೇಳಿಸ್ತಿದೆಯಾ?... ಹಾಳಾದ್ದು, ಕಟ್ ಆಯ್ತು. ರೋಸೌರಾ, ಟೈಪಿಂಗ್ ಬಿಟ್ಟು ಇಲ್ಲಿ ಬಾ! ಮುದುಕ ಒಂದು ಹಾಜರಿ ಪುಸ್ತಕ ಹಿಡ್ಕೊಂಡು ಬರ್ತಾನೆ. ನಗ್ತಾ ನಗ್ತಾ ಇಸ್ಕೊಂಡು ಒಂದು ಕಾಫಿ ಕೊಟ್ಟು ಕಳ್ಸು. ಅವನು ಗೇಟು ದಾಟಿದ್ ಮೇಲೆ ಹಾಳೆ ಚೂರುಚೂರು ಮಾಡೋ ಮಷಿನ್ನಿಗೆ ಹಾಕ್ಬಿಡು. ಒಂದು ಹಾಳೇನೂ ಉಳೀಬಾರ್ದು, ಗೊತ್ತಾಯ್ತಾ?... ಏನು? ಫೋನಲ್ಲಿ ಇನ್ನೂ ಲೈಟ್ ಉರೀತಿದೆಯಾ? ಲೈನ್ ಕಟ್ ಆಗಿಲ್ವಾ?

...

ಹ... ಹಲೋ? ಮೇಷ್ಟ್ರೇ? ಇನ್ನೂ ಇದ್ದೀರಾ?... ತಮಾಷೆಗಂದೆ ಮೇಷ್ಟ್ರೇ, ನಿಮ್ಮಾಣೆ.

...

ಏನ್ ಬರ್ಕೊಳ್ತಿದ್ದೀರಿ?... ಅದೇ ಹಾಜರಿ ಪುಸ್ತಕದಲ್ಲಾ?... ತಾರೀಕಾ?... ನನ್ನ ಹೆಸರಾ?... ರೋಸೌರಾದೂ ಯಾಕೆ? ರೆಕ್ಟರ್ ಹತ್ರ ಹೋಗ್ಬೇಡಿ, ನಾನೇ ನಿಮ್ಮನೆಗೆ ಬರ್ತೀನಿ... ಮೇಷ್ಟ್ರೇ?... ಹಲೋ?... ಹಲೋ...