ಹತ್ತನೇ ಸಾಲು

ದರ್ಜಿಯಮ್ಮನ ಬಾಯ ತುಂಬ ಗುಂಡುಪಿನ್ನು. ಮಾತಿನ ನಡುವೆ ಬಾಯಿ ಹಾಕುವಂತಿರಲಿಲ್ಲ, ಆದರೆ ಕಿವಿಗೆ ಬೀಗವಿಲ್ಲವಲ್ಲ. ಕನ್ನಡಿಯ ಮುಂದೆ ನಿಂತ ಹುಡುಗಿಯ ಸ್ಕರ್ಟಿನ ಅಂಚು ಬಿಚ್ಚಿ ಉದ್ದ ಮಾಡುತ್ತಿದ್ದಳು. ಅದನ್ನು ಹೊಲಿದವಳೂ ತಾನೇ, ಹುಡುಗಿಯ ತೀರಿಕೊಂಡ ಅಕ್ಕನಿಗೆ. ತಾಯಿ ಸ್ಟೂಲಿನ ಮೇಲೆ ಕೂತು, ಶಾಲೆಯಲ್ಲಿ ಕೊಟ್ಟ ‘ನಾನು ಯಾರು’ ಎಂಬ ಹತ್ತು ಸಾಲಿನ ಹಾಳೆಯಲ್ಲಿ ಮಗಳು ಬರೆದದ್ದನ್ನು ಓದುತ್ತಿದ್ದಳು.

“ಒಂಬತ್ತು ಸಾಲಲ್ಲೂ ಅಕ್ಕನೇ ಇದಾಳಲ್ಲೇ! ಅವಳ ಸಂಗೀತ, ಅವಳ ಡಾಕ್ಟರ್ ಆಸೆ... ನಿನ್ನದೇನೇ ಇದರಲ್ಲಿ?”

“ಗೊತ್ತಿರೋದನ್ನ ಬರೆದೆ.”

“ನಿನ್ನ ಇಷ್ಟ ಬರೀಬೇಕಿತ್ತು.”

“ಅದನ್ನ ಯಾರು ಕೇಳಿದ್ರು? ಅವಳು ಹೋಗಿ ತಿಂಗಳಾಗೋದ್ರೊಳಗೆ ನನ್ನ ಜಡೆ ಕತ್ತರಿಸಿ ಅವಳ ಥರ ಮಾಡಿದ್ದು ನೀನೇ ಅಲ್ವಾ?”

“ಕರುಳು ಕಣೇ, ಕೇಳಲಿಲ್ಲ... ಹತ್ತನೇ ಸಾಲು ಯಾಕೆ ಖಾಲಿ ಬಿಟ್ಟೆ?”

“ಬರೋ ತಿಂಗಳು ನಂಗೆ ಹದಿನೇಳು. ಅಕ್ಕನಿಗೆ ಹದಿನೇಳು ಆಗಲೇ ಇಲ್ಲ. ಅಲ್ಲಿಂದಾಚೆ ಯಾರನ್ನ ನೋಡ್ಕೊಂಡು ಬರೀಲಿ?”

ತಾಯಿ ಎದ್ದು ಹಾಳೆಯನ್ನು ಸ್ಟೂಲಿನ ಮೇಲಿಟ್ಟಳು. “ಇನ್ನೊಂದಿಂಚು ಬಿಡಮ್ಮಾ,” ಎಂದಳು ದರ್ಜಿಯಮ್ಮನಿಗೆ.

ದರ್ಜಿಯಮ್ಮ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡಳು. “ಒಳಗೆ ಬಟ್ಟೆಯೇ ಉಳಿದಿಲ್ಲ, ತಾಯಿ.”

ಹುಡುಗಿ ಪರದೆಯ ಹಿಂದೆ ಹೋಗಿ ಬಟ್ಟೆ ಬದಲಿಸಿ ಬಂದಳು. ತಾಯಿ ಅಂಚು ಹೊಲಿಸದೆಯೇ ಸ್ಕರ್ಟನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಸ್ಟೂಲಿನ ಮೇಲೆ ಮರೆತ ಹಾಳೆಯನ್ನು ಮಗಳು ತಾನೇ ಎತ್ತಿಕೊಂಡು ಹೋದಳು.