ನೀಲಿ ದಾರದ ಸೀಸೆ

ಮಂಗಳವಾರ, ಬೆಳಿಗ್ಗೆ ಹತ್ತೂವರೆ. ವಯಸ್ಸು ಅರವತ್ತೊಂದು, ಮನೆಗೆಲಸ, ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ವಾಸ, ಹೋದ ಗುರುವಾರ ತೀರಿಕೊಂಡ ಡಾಕ್ಟರ ಹೆಂಡತಿಯಾದ ನಾನು ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಭಾನುವಾರ ಸಂಜೆ ನನ್ನ ಮೈದುನರು, ಕಾಲ ಸರಿಯಿಲ್ಲ ಅತ್ತಿಗೆ ಎಂದು ಹೇಳಿ ಕ್ಲಿನಿಕ್ಕಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡರು. ಇಂದು ಬೆಳಿಗ್ಗೆ ಏಳಕ್ಕೆ ಅವರು ನೋಡಿದಾಗ ಆ ಬೀಗ ಒಡೆದು ಮೆಟ್ಟಿಲ ಮೇಲೆ ಬಿದ್ದಿತ್ತು. ಬಾಗಿಲಿಗೆ ಬೇರೊಂದು ಬೀಗವಿತ್ತು. ಅವರು ದೂರು ಕೊಟ್ಟರು. ಎದುರಂಗಡಿಯ ಇಸ್ತ್ರಿಯವನು ತಾನೇ ಮುಂದೆ ಬಂದು ಒಪ್ಪಿಕೊಂಡನು. ಅವನನ್ನು ಇಲ್ಲಿಗೆ ಕರೆತಂದರು.

ಅವನು ಕೊಟ್ಟ ಕೀಲಿಯಿಂದ ಬೀಗ ತೆಗೆಸಿ, ನಾನು ಪೇದೆಯವರ ಜೊತೆ ಕ್ಲಿನಿಕ್ಕಿನ ಒಳಗೆ ಹೋಗಿ ನೋಡಿದೆ. ಸಾಮಾನೆಲ್ಲ ಇತ್ತು. ಯಜಮಾನರ ಕನ್ನಡಕ ಮೇಜಿನ ಮೇಲೆ, ಅವರು ಮಡಚಿಟ್ಟ ಹಾಗೆಯೇ ಇತ್ತು. ಫ್ರಿಜ್ಜಿನಲ್ಲಿ ಸಕ್ಕರೆ ಕಾಯಿಲೆಯ ಇನ್ಸುಲಿನ್ ಸೀಸೆಗಳಿದ್ದವು. ಮನೆಯಲ್ಲಿ ಫ್ರಿಜ್ ಇಲ್ಲದವರು ಅವುಗಳನ್ನು ಅಲ್ಲಿ ಇಡುತ್ತಿದ್ದರು. ಓದಲು ಬಾರದವರಿಗೂ ಗುರುತು ಸಿಗಲೆಂದು ಒಂದೊಂದರ ಕುತ್ತಿಗೆಗೆ ಒಂದೊಂದು ಬಣ್ಣದ ದಾರ ಕಟ್ಟಿತ್ತು. ದಾರ ನನ್ನ ಹೊಲಿಗೆ ಪೆಟ್ಟಿಗೆಯದು. ದಾರ ಎಲ್ಲಿ ಹೋಯಿತೆಂದು ಕೇಳಿದಾಗಲೆಲ್ಲ ಯಜಮಾನರು, ಇಲಿ ಎಳ್ಕೊಂಡು ಹೋಗಿರಬೇಕು ಕಣೇ ಎನ್ನುತ್ತಿದ್ದರು. ಇಲಿಬೋನು ತಂದಿಟ್ಟವರೂ ಅವರೇ.

ನೀಲಿ ದಾರದ ಸೀಸೆ ಮಾತ್ರ ಇರಲಿಲ್ಲ. ಅದು ಇಸ್ತ್ರಿಯವನ ತಾಯಿಯದು.

ಕೀಲಿ ಕೇಳೋಕೆ ನಿನಗೇನು ಧಾಡಿ ಎಂದು ನಾನು ಇಲ್ಲಿಗೆ ಬಂದು ಅವನನ್ನು ಗದರಿದೆ. ಅವನು ತಲೆ ಎತ್ತದೆ, ಎರಡು ಸಲ ಮನೆಗೆ ಬಂದಿದ್ದೆ ಡಾಕ್ಟ್ರಮ್ಮ, ನೀವು ಡಾಕ್ಟ್ರ ಚಪ್ಪಲಿ ಒರೆಸ್ತಾ ಕೂತಿದ್ರಿ, ಬಾಯಿ ಬರಲಿಲ್ಲ, ಇವತ್ತು ಅಮ್ಮ ಎದ್ದು ಕೂರೋಕೂ ಆಗದೆ ಮಲಗಿಬಿಟ್ಟಳು ಎಂದನು. ಕ್ಲಿನಿಕ್ಕನ್ನು ತೆರೆದಿಟ್ಟು ಹೋಗಬಾರದೆಂದು ತನ್ನ ಅಂಗಡಿಯ ಬೀಗವನ್ನೇ ತಂದು ಹಾಕಿದನಂತೆ. ಅವನ ಅಂಗಡಿಗೆ ಈಗ ಬೀಗವಿಲ್ಲ.

ಕಳವು ಆಗಿಲ್ಲ. ಅವನು ತೆಗೆದದ್ದು ಅವನದ್ದನ್ನೇ. ತಾಯಿಗೆ ಸೂಜಿ ಹಾಕುವುದನ್ನು ನನ್ನ ಯಜಮಾನರು ಅವನಿಗೆ ಕೈ ಹಿಡಿದು ಕಲಿಸಿದ್ದರು. ಆ ಮನೆಯಲ್ಲಿ ಬೇರೆ ಯಾರಿಗೂ ಅದು ಬಾರದು. ಸಂಜೆಯ ಸೂಜಿ ಬಾಕಿ ಇದೆ, ಅವನನ್ನು ಬಿಡಬೇಕು. ಹೊರಗೆ ಬೆಂಚಿನ ಮೇಲಿರುವ ಮೈದುನರು ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ಸೀಸೆ ಇಟ್ಟ ಉಳಿದವರೂ ಇದೇ ಸಂಕೋಚಕ್ಕೆ ಸುಮ್ಮನಿದ್ದಾರೆಂದು ಕಾಣುತ್ತದೆ. ಇಲ್ಲಿಂದ ನೇರವಾಗಿ ಹೋಗಿ ಇವತ್ತಿನ ಸೂಜಿಗೆ ಅವರವರ ಸೀಸೆ ಕೊಡುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ನಿಜವೇ ಇದೆ. ಠಾಣೆಯಲ್ಲಿ, ಇದೇ ಮಂಗಳವಾರ ಸಹಿ ಮಾಡಿದ್ದೇನೆ.

ನಾಳೆ ಬೆಳಿಗ್ಗೆ ಆರಕ್ಕೆ ಕ್ಲಿನಿಕ್ಕಿನ ಬಾಗಿಲು ನಾನು ತೆಗೆಯುತ್ತೇನೆ.

(ಸಹಿ)