ಸವತಿ ಬಂದರೂ ಸೌಟು ನನ್ನದೇ

ಕುಮಾಸಿಯ ವ್ಯಾನ್ ನಿಲ್ದಾಣದ ಸಾಲಿನಲ್ಲಿ, ಗಂಡನ ಊಟದ ಹೊತ್ತಿಗೆ ಮನೆ ಸೇರಲು ನಿಂತಿದ್ದ ನರ್ಸ್ ಸೆರ್ವಾಳಿಗೆ ಪರರ ಮಾತು ಬೇಕಿರಲಿಲ್ಲ. ಆದರೂ ಕಿವಿ ತಾನಾಗಿಯೇ ಮುಂದಕ್ಕೆ ಹೋಯಿತು. ಅಲ್ಲಿ ಬಟ್ಟೆ ವ್ಯಾಪಾರದ ಪೊಕುವಾಳನ್ನು ಅವಳ ಗಿರಾಕಿ ಡುಫಿಯೆ ತರಾಟೆಗೆ ತೆಗೆದುಕೊಂಡಿದ್ದಳು.

“ನಿಮ್ಮ ಅಂಗಡಿ ಫೋನಲ್ಲಿ ಉತ್ತರ ಬರೆಯೋದು ಯಾರಕ್ಕಾ?”

“ಯಾರೂ ಅಲ್ಲ ಕಣೇ, ಯಂತ್ರ. ಹೋದ ತಿಂಗಳು ಹಾಕಿಸ್ದೆ. ಯಾಕೆ?”

“‘ಸವತಿ ಬಂದರೂ ಸೌಟು ನನ್ನದೇ’ ಆರು ಗಜ ಬೇಕಿತ್ತು ಅಂತ ಕೇಳ್ದೆ.”

“ಇದೆಯಲ್ಲ! ನೀಲಿ ಬಣ್ಣದ್ದೂ ಬಂದಿದೆ.”

“ಅದು ಬಟ್ಟೆ ಹೆಸರು, ನಮ್ಮೂರಲ್ಲಿ ಬಟ್ಟೆಗೂ ಗಾದೆ ಹೆಸರಿಡ್ತಾರೆ ಅಂತ ನಿಮ್ಮ ಯಂತ್ರಕ್ಕೆ ಗೊತ್ತಿರಬೇಕಲ್ಲ! ‘ಸವತಿ ಬಂದಿದ್ದು ಕೇಳಿ ಬೇಜಾರಾಯ್ತು. ಧೈರ್ಯವಾಗಿರಿ, ಗಂಡನ ಹತ್ರ ಕೂತು ಮಾತಾಡಿ’ ಅಂತ ಬರೆದಿದೆ.”

“ಅಯ್ಯೋ ದೇವರೇ!”

“ಫೋನು ಊಟದ ಮೇಜಿನ ಮೇಲಿತ್ತು. ನಮ್ಮೆಜಮಾನ್ರು ಓದ್ಬಿಟ್ರು.”

“ಬೈದ್ರಾ?”

“ಬೈಯೋದೆಲ್ಲಿ ಬಂತು? ಬಾಯಲ್ಲಿದ್ದ ಫುಫು ಮುದ್ದೆ ನುಂಗೋಕೂ ಆಗದೆ, ‘ನಿನಗೆ ಯಾರು ಹೇಳಿದ್ರು?’ ಅಂದ್ರು.”

ಸಾಲಿನಲ್ಲಿ ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಸೆರ್ವಾಳೇ.

“ಹಾಗಾದ್ರೆ ಬಟ್ಟೆ ಬೇಡ್ವಾ?”

“ಬೇಡ ಅಂದ್ನಾ? ಹನ್ನೆರಡು ಗಜ ಕೊಡಿ. ಸೌಟು ಯಾರದು ಅಂತ ಈಗ ಆ ಸವತಿಗೂ ತೋರಿಸ್ಬೇಕಲ್ಲ.”

“ತಪ್ಪಾಯ್ತು ತಾಯಿ. ಆ ದರಿದ್ರ ಯಂತ್ರಾನ ಇವತ್ತೇ ಕಿತ್ತೆಸೀತೀನಿ.”

“ಬೇಡ, ಬೇಡ! ಭಾನುವಾರದವರೆಗಾದ್ರೂ ಇರ್ಲಿ. ಅದೇ ಬಟ್ಟೆ ಕೇಳಿ, ಫೋನನ್ನ ಗಂಡನ ತಟ್ಟೆ ಪಕ್ಕ ಇಡಿ ಅಂತ ನನ್ನ ಮೂವರು ತಂಗೀರಿಗೂ ಹೇಳಿದ್ದೀನಿ.”

ವ್ಯಾನು ಬಂತು. ಇಬ್ಬರೂ ಹತ್ತಿದರು, ಸೆರ್ವಾಳಿಗೆ ಜಾಗ ಸಿಗಲಿಲ್ಲ. ಆದರೂ ಅವಳು ಅಂಗಡಿಯ ನಂಬರ್ ಕೇಳುತ್ತಾ ಕಿಟಕಿಯ ಜೊತೆಗೇ ಓಡಿದಳು.